ಮೂವತ್ತು ಆಂಪಿಯರ್‌ನ ಸಂಸಾರ

ನವೆಂಬರ್ ಬಂತೆಂದರೆ ಅರಿಜೋನದ ಯೂಮಾ, ಮೇಸಾ, ಅಪಾಚೆ ಜಂಕ್ಷನ್ ಊರುಗಳ ಆರ್‌ವಿ (ಮನೆಯಂತೆ ವಾಸಿಸುವ ಗಾಡಿ) ರೆಸಾರ್ಟ್‌ಗಳಲ್ಲಿ ಮಿನ್ನೆಸೋಟ, ನಾರ್ತ್ ಡಕೋಟ, ಆಲ್ಬರ್ಟಾ, ಸಸ್ಕ್ಯಾಚೆವಾನ್ ನಂಬರ್ ಪ್ಲೇಟಿನ ಗಾಡಿಗಳು ಸಾಲುಗಟ್ಟುತ್ತವೆ. ಹಿಮದಿಂದ ತಪ್ಪಿಸಿಕೊಂಡು ಮರುಭೂಮಿಗೆ ಬರುವ ಈ ನಿವೃತ್ತ ಜೋಡಿಗಳಿಗೆ ಅಲ್ಲಿ ಸ್ನೋಬರ್ಡ್ ಎಂದೇ ಹೆಸರು. ಕೆಲವರದು ಎಂಜಿನ್ ಸಮೇತದ ಮೋಟರ್‌ಹೋಮ್, ಕೆಲವರದು ಪಿಕಪ್ ಟ್ರಕ್ಕಿನ ಬೆನ್ನಿಗೆ ಕೊಕ್ಕೆ ಹಾಕಿಕೊಂಡು ಬರುವ ಫಿಫ್ತ್ ವೀಲ್. ಓಡಾಟ ಸಾಕೆನಿಸಿದವರು ಪಾರ್ಕ್ ಮಾಡೆಲ್ ಕೊಂಡು ಅಲ್ಲೇ ಬಿಟ್ಟು ಹೋಗುತ್ತಾರೆ. 400 ಚದರ ಅಡಿ ದಾಟಬಾರದ, ಚಕ್ರವಿದ್ದೂ ಚಲಿಸದ ಮನೆ ಅದು.

ರೆಸಾರ್ಟಿನ ಕರಪತ್ರದಲ್ಲಿ ಈಜುಕೊಳ, ಪಿಕಲ್‌ಬಾಲ್ ಅಂಗಳ, ಹಣ್ಣು ತೂಗುವ ಕಿತ್ತಳೆ ಮರ ಇರುತ್ತವೆ. ಚಳಿಗಾಲ ನೆಮ್ಮದಿಯಾಗಿ ಕಳೆಯುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಮಾತ್ರ ಆ ಚಿತ್ರದಲ್ಲಿ ಇರುವುದಿಲ್ಲ. ಗಾಡಿ ನಿಲ್ಲುವ ಸೈಟಿನ ಕಂಬದಿಂದ ಬರುವ ಕರೆಂಟು ಎಷ್ಟು, ಕೊಳೆನೀರಿನ ಟ್ಯಾಂಕು ಎಷ್ಟು ದೊಡ್ಡದು, ದೇಶದಲ್ಲಿ ಎಷ್ಟು ದಿನ ಇರಬಹುದು? ಈ ಮೂರು ಲೆಕ್ಕ ಗಂಡನಿಗೂ ಹೆಂಡತಿಗೂ ಒಂದೇ ಸಮ ಗೊತ್ತಿದೆಯೇ ಎಂಬ ನಾಲ್ಕನೆಯ ಪ್ರಶ್ನೆ ಇನ್ನೂ ದೊಡ್ಡದು. ಅದಕ್ಕೆ ಆಮೇಲೆ ಬರೋಣ.

ಮೊದಲು ಕರೆಂಟು. ಸಣ್ಣ ಟ್ರೇಲರ್‌ಗಳಿಗೆ 30 ಆಂಪಿಯರ್ ಸಂಪರ್ಕ. ಅಮೆರಿಕದ 120 ವೋಲ್ಟಿನಲ್ಲಿ ಅದರರ್ಥ ಒಟ್ಟು 3,600 ವಾಟ್. ಕೋಣೆ ಬೆಚ್ಚಗಾಗಿಸುವ ಸಣ್ಣ ಹೀಟರ್ ಒಂದಕ್ಕೇ 1,500 ವಾಟ್, ಅಂದರೆ 12.5 ಆಂಪಿಯರ್. ನೀರು ಕಾಯಿಸುವ ಟ್ಯಾಂಕಿನ ಕಾಯಿಲ್ ಹನ್ನೆರಡು, ಮೈಕ್ರೋವೇವ್ ಇನ್ನೊಂದು ಹನ್ನೆರಡು. ಜನವರಿಯ ಬೆಳಗ್ಗೆ ಒಬ್ಬರು ಸ್ನಾನಕ್ಕೆ ನಿಂತು, ಇನ್ನೊಬ್ಬರು ಹೀಟರ್ ಹಾಕಿಕೊಂಡು ಮೈಕ್ರೋವೇವ್ ಒತ್ತಿದರೆ ಬ್ರೇಕರ್ (ಮಿತಿ ಮೀರಿದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್) ಬಿದ್ದಂತೆಯೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಇಷ್ಟು ಕರಾರುವಾಕ್ಕಾದ ಉದಾಹರಣೆ ಬೇರೆ ಸಿಗಲಿಕ್ಕಿಲ್ಲ. ದೊಡ್ಡ ಗಾಡಿಗಳ 50 ಆಂಪಿಯರ್ ಸಂಪರ್ಕ ಹೆಸರಿನಲ್ಲಿ ಇಪ್ಪತ್ತು ಹೆಚ್ಚಷ್ಟೇ, ವಾಸ್ತವದಲ್ಲಿ ಮೂರು ಪಟ್ಟಿಗಿಂತ ದೊಡ್ಡದು. ಅದರಲ್ಲಿ ಕರೆಂಟು ತರುವ ತಂತಿ ಎರಡು, ಒಂದೊಂದಕ್ಕೂ ಐವತ್ತು, ಒಟ್ಟು 12,000 ವಾಟ್.

ಬ್ರೇಕರ್ ಬೀಳುವುದು ತೊಂದರೆಯಲ್ಲ, ಅದು ಅದರ ಕೆಲಸ. ಬ್ರೇಕರ್ ಬೀಳದೆಯೇ ಪ್ಲಗ್ ಕರಗುವುದು ನಿಜವಾದ ಅಪಾಯ. ಸೈಟಿನ ಕಂಬದಲ್ಲಿರುವ ಸಾಕೆಟ್ಟಿಗೆ ವರ್ಷವರ್ಷ ನೂರಾರು ಸಲ ಪ್ಲಗ್ ತುರುಕಿ ಕಿತ್ತು ಒಳಗಿನ ಹಿಡಿತ ಸಡಿಲವಾಗಿರುತ್ತದೆ. ಸಡಿಲ ಇದ್ದಲ್ಲಿ ರೋಧ, ರೋಧ ಇದ್ದಲ್ಲಿ ಶಾಖ. ಹೀಟರ್ ಒಂದು ಗಂಟೆ ಉರಿದ ಮೇಲೆ ಹೊರಗೆ ಹೋಗಿ ಪ್ಲಗ್ಗನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ, ಇಲ್ಲವೇ ಹಿತ್ತಾಳೆಯ ಅಲಗು ಕಪ್ಪಾಗಿದ್ದರೆ ಕಚೇರಿಗೆ ಹೇಳಿ ಸಾಕೆಟ್ ಬದಲಿಸಿಕೊಳ್ಳಬೇಕು. ಕಪ್ಪಾದ ಪ್ಲಗ್ಗನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಸಾಕೆಟ್ಟೂ ಸುಡುತ್ತದೆ. ಹಾಕುವಾಗ, ತೆಗೆಯುವಾಗ ಬ್ರೇಕರ್ ಆಫ್ ಇರಲೇಬೇಕು. ಹೀಟರನ್ನು ಗಾಡಿಯ ಗೋಡೆಯ ಸಾಕೆಟ್ಟಿನಲ್ಲಿ ರಾತ್ರಿಯಿಡೀ ಉರಿಸುವುದೂ ಒಳ್ಳೆಯದಲ್ಲ. ಮನೆಯ ಸಾಕೆಟ್ಟಿನಲ್ಲಿ ತಂತಿಯನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ, ಇಲ್ಲಿ ಬಹುಪಾಲು ಒತ್ತಿ ಕೂರಿಸಿರುತ್ತಾರೆ.

ಬಂದ ದಿನ ಕೇಬಲ್ ಎಳೆಯುವ ಮುನ್ನ ಕಂಬಕ್ಕೆ ಇಎಮ್‌ಎಸ್ ಎಂಬ, ಕರೆಂಟು ಪರೀಕ್ಷಿಸುವ ಪೆಟ್ಟಿಗೆ ಸಿಕ್ಕಿಸುವುದು ಅನುಭವಸ್ಥರ ಕ್ರಮ. ನಮ್ಮ ಮನೆಗಳ ಸ್ಟೆಬಿಲೈಸರ್‌ನ ದೂರದ ಸಂಬಂಧಿ ಎನ್ನಬಹುದು. ಆದರೆ ಇದು ವೋಲ್ಟೇಜನ್ನು ಏರಿಸುವುದಿಲ್ಲ, ಕೆಟ್ಟದ್ದನ್ನು ಒಳಗೆ ಬಿಡುವುದಿಲ್ಲ. ಅರ್ತ್ ಇಲ್ಲ, ತಂತಿ ಅದಲುಬದಲು, ನ್ಯೂಟ್ರಲ್ ಕಡಿದಿದೆ ಎಂಬುದನ್ನು ಮೊದಲೇ ಹೇಳುತ್ತದೆ. ಐವತ್ತರ ಸಂಪರ್ಕದಲ್ಲಿ ನ್ಯೂಟ್ರಲ್ ಕಡಿದರೆ 120 ವೋಲ್ಟಿನ ಟಿವಿಗೆ 200 ದಾಟಿ ನುಗ್ಗಬಹುದು. ಚಳಿ ಹೆಚ್ಚಾದ ಬೆಳಗ್ಗೆ ಇಡೀ ಸಾಲೇ ಹೀಟರ್ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಟ್ಟ ಹೊತ್ತಿನಲ್ಲಿ ಹಳ್ಳಿಯ ಬಲ್ಬು ಕಂದುವುದನ್ನು ಕಂಡವರಿಗೆ ವಿವರಿಸಬೇಕಿಲ್ಲ. 104 ವೋಲ್ಟಿಗಿಂತ ಕೆಳಗಿಳಿದರೆ ಇಎಮ್‌ಎಸ್ ತಾನಾಗಿ ಕಡಿದುಬಿಡುತ್ತದೆ. ಆಗ ಬೈಯುವುದು ಬೇಡ, ಅದು ಕಂಪ್ರೆಸರ್ ಉಳಿಸಿದೆ. ತಿಂಗಳ ಬಾಡಿಗೆಯಲ್ಲಿ ಸಾಮಾನ್ಯವಾಗಿ ಕರೆಂಟು ಸೇರಿರುವುದಿಲ್ಲ, ಮೀಟರ್ ಬೇರೆ. ಹೀಟರ್ ಲಾಭವೋ ಸಿಲಿಂಡರಿನ ಪ್ರೊಪೇನ್ ಗ್ಯಾಸ್ ಲಾಭವೋ ಎಂಬುದನ್ನು ಮೊದಲ ತಿಂಗಳ ಬಿಲ್ಲೇ ಹೇಳುತ್ತದೆ.

ನೀರಿನದು ಇನ್ನೊಂದು ಪುರಾಣ. ಗಾಡಿಯ ಪ್ಲಾಸ್ಟಿಕ್ ಕೊಳವೆಗಳಿಗೆ 45-50 ಪಿಎಸ್‌ಐ ಒತ್ತಡ ಹಿತ. ಬೀದಿ ನಲ್ಲಿಯಲ್ಲಿ ಅದು ಅದಕ್ಕಿಂತ ಎಷ್ಟೋ ಹೆಚ್ಚಿರಬಹುದು, ರಾತ್ರಿ ಯಾರೂ ಬಳಸದಾಗ ಇನ್ನೂ ಏರುತ್ತದೆ. ಅದಕ್ಕೇ ಪ್ರೆಶರ್ ರೆಗ್ಯುಲೇಟರ್. ಅದನ್ನು ನಲ್ಲಿಯ ಬಾಯಿಗೆ ಹಾಕಬೇಕು, ಗಾಡಿಯ ಬಾಯಿಗಲ್ಲ. ಗಾಡಿಯ ಕಡೆ ಹಾಕಿದರೆ ನಡುವಿನ ಹೋಸ್‌ಗೆ ರಕ್ಷಣೆ ಇಲ್ಲ. ಅರಿಜೋನದ ನೀರು ಗಡಸು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಗೀಸರ್ ಕಾಯಿಲ್‌ಗೆ ಬಿಳಿ ಸುಣ್ಣ ಕಟ್ಟುವುದನ್ನು ಬಲ್ಲವರಿಗೆ ಇದೂ ಗುರುತಿನದೇ. ಐದು ತಿಂಗಳು ಇರುವವರು ಗಡಸು ತೆಗೆಯುವ ಸಣ್ಣ ಸಾಫ್ಟನರ್ ಇಟ್ಟುಕೊಳ್ಳುತ್ತಾರೆ. ಅದು ಸಾದಾ ಟೇಬಲ್ ಉಪ್ಪಿನಲ್ಲಿ ಮತ್ತೆ ಚೇತರಿಸಿಕೊಳ್ಳುತ್ತದೆ.

ನೀರು ಕಾಯಿಸುವ ಟ್ಯಾಂಕು ಉಕ್ಕಿನದಾಗಿದ್ದರೆ ಅದಕ್ಕೆ ಆನೋಡ್ ರಾಡ್ ಎಂಬ ಲೋಹದ ಸರಳು ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದು ಅದರ ಉದ್ಯೋಗ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಮುಕ್ಕಾಲು ಸವೆದಿದ್ದರೆ ಹೊಸದು ಹಾಕಬೇಕು. ಬಿಚ್ಚುವ ಮುನ್ನ ಮೂರು ಕೆಲಸ: ಹೀಟರ್ ಆಫ್ ಮಾಡಿ ತಣಿಯಲು ಬಿಡುವುದು, ಹೊರಗಿನ ನೀರು ನಿಲ್ಲಿಸುವುದು, ಒಳಗೆ ಬಿಸಿನೀರಿನ ನಲ್ಲಿ ತಿರುಗಿಸಿ ಒತ್ತಡ ಇಳಿಸುವುದು. ತಪ್ಪಿದರೆ ಕುದಿನೀರು ರಾಡಿನ ಹಿಂದೆಯೇ ಮುಖಕ್ಕೆ ಬರುತ್ತದೆ. ಎಲ್ಲ ಮುಗಿಸಿ ಟ್ಯಾಂಕ್ ತುಂಬುವ ಮೊದಲೇ ವಿದ್ಯುತ್ ಸ್ವಿಚ್ ಹಾಕುವುದು ಹೊಸಬರ ಅತಿ ಸಾಮಾನ್ಯ ತಪ್ಪು. ನೀರಿಲ್ಲದ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಈಗ ಕರಪತ್ರದಲ್ಲಿ ಎಂದೂ ಬಾರದ ವಿಷಯ. ಗಾಡಿಯ ಹೊಟ್ಟೆಯಲ್ಲಿ ಎರಡು ಕೊಳೆ ಟ್ಯಾಂಕ್: ಸ್ನಾನ, ಪಾತ್ರೆಯ ನೀರಿಗೆ ಗ್ರೇ, ಶೌಚಕ್ಕೆ ಬ್ಲ್ಯಾಕ್. ರೆಸಾರ್ಟಿನಲ್ಲಿ ಸೈಟಿಗೇ ಒಳಚರಂಡಿ ಇರುವುದರಿಂದ ಎರಡೂ ವಾಲ್ವ್ ತೆರೆದಿಟ್ಟರೆ ಕೆಲಸವೇ ಇಲ್ಲ ಅನ್ನಿಸುತ್ತದೆ. ಬ್ಲ್ಯಾಕ್ ವಾಲ್ವ್ ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಪದಾರ್ಥ, ಕಾಗದ ಅಲ್ಲೇ ಕೂರುತ್ತವೆ. ವಾರಗಳಲ್ಲಿ ಅದು ಗೋಪುರವಾಗಿ ಬೆಳೆದು, ಮರುಭೂಮಿಯ ಒಣ ಗಾಳಿಗೆ ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಒತ್ತಡದ ನೀರಿನ ಯಂತ್ರದವನನ್ನು ಕರೆಸಿ ಹಣ ತೆರಬೇಕು. ಸರಿಯಾದ ಕ್ರಮ ಹೀಗೆ: ಬ್ಲ್ಯಾಕ್ ವಾಲ್ವ್ ಸದಾ ಮುಚ್ಚಿರಲಿ, ಟ್ಯಾಂಕ್ ಮೂರನೇ ಎರಡು ಭಾಗವಾದರೂ ತುಂಬಲಿ. ಖಾಲಿ ಮಾಡುವ ಹಿಂದಿನ ದಿನ ಗ್ರೇ ವಾಲ್ವನ್ನೂ ಮುಚ್ಚಿ ಸೋಪಿನ ನೀರು ಕೂಡಿಡಿ. ಮೊದಲು ಬ್ಲ್ಯಾಕ್, ಅದು ನಿಂತ ಮೇಲೆ ಗ್ರೇ. ಹಿಂದೆ ಬಂದ ಸೋಪಿನ ನೀರೇ ಕೊಳೆನೀರಿನ ಹೋಸ್ ತೊಳೆಯುತ್ತದೆ. ಬಳಿಕ ಬ್ಲ್ಯಾಕ್ ಮುಚ್ಚಿ ಎರಡು ಮೂರು ಗ್ಯಾಲನ್ ನೀರು ಒಳಗೆ ಬಿಡಿ. ಒಣ ತಳದ ಮೇಲೆ ಮಾತ್ರ ಎಂದೂ ಶುರು ಮಾಡಬಾರದು. ಈ ಹೋಸ್‌ಗೆ ಪ್ರತಿ ಒಂದು ಅಡಿ ಉದ್ದಕ್ಕೆ ಕಾಲು ಅಂಗುಲದಷ್ಟು ಇಳಿಜಾರು ಬೇಕು, ನಡುವೆ ಎಲ್ಲೂ ಜೋತು ಬೀಳಬಾರದು. ಬಿಸಿಲಿಗೆ ಈ ಪ್ಲಾಸ್ಟಿಕ್ ಪೆಡಸಾಗುತ್ತದೆ. ಒಂದೆರಡು ಚಳಿಗಾಲ ಕಳೆದದ್ದನ್ನು ನಂಬಬಾರದು.

ಇಲ್ಲಿ ಕನ್ನಡದ ಮನೆಗಳಿಗೆ ಒಂದು ಅನುಕೂಲ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1965ರ ವಲಸೆ ಕಾಯ್ದೆಯ ನಂತರ ಅಮೆರಿಕಕ್ಕೆ ಹೋದ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಅವರಲ್ಲೂ ಗಾಡಿ ಕಟ್ಟುವವರಿಗೆ ಚೊಂಬಿನ ಅಭ್ಯಾಸ ಬಿಟ್ಟಿರದಿದ್ದರೆ ಕಾಗದ ಕಡಿಮೆ, ನೀರು ಹೆಚ್ಚು, ಗೋಪುರ ಏಳುವುದಿಲ್ಲ. ಅಡುಗೆಯದು ಮಾತ್ರ ಉಲ್ಟಾ. ಒಣಮೆಣಸು, ಇಂಗಿನ ಒಗ್ಗರಣೆ ಬಿತ್ತೆಂದರೆ ಚಾವಣಿಯ ಹೊಗೆ ಅಲಾರಂ ಕೂಗುತ್ತದೆ. ಅದನ್ನು ಕಿತ್ತಿಡುವುದು ಪರಿಹಾರವಲ್ಲ. ಎಣ್ಣೆ ಕಾಯಿಸುವ ಮೊದಲೇ ಚಾವಣಿ ಫ್ಯಾನ್ ಹಾಕಿ, ಎದುರು ಬದಿಯ ಒಂದು ಕಿಟಕಿ ಎರಡಂಗುಲ ತೆರೆಯಬೇಕು. ಗಾಳಿ ಒಳಬರದೆ ಫ್ಯಾನ್ ಏನನ್ನೂ ಎಳೆಯಲಾರದು. ಗ್ಯಾಸ್ ಒಲೆಯ ತೇವವೂ ಕಡಿಮೆಯಲ್ಲ: ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಹುಟ್ಟುತ್ತದೆ. ಅದಕ್ಕೆ ಕುಕ್ಕರಿನ ಆವಿಯೂ ಸೇರಿ ಚಳಿಯ ರಾತ್ರಿ ಗಾಜಿಗೆ, ಹಾಸಿಗೆಯ ಅಡಿಗೆ ಕೂತು ಬೂಷ್ಟು ಹಿಡಿಯುತ್ತದೆ. ತುಪ್ಪ, ಎಣ್ಣೆಯ ಜಿಡ್ಡನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿದ ಮೇಲೆಯೇ ಪಾತ್ರೆ ತೊಳೆಯಬೇಕು. ಗ್ರೇ ಟ್ಯಾಂಕಿನೊಳಗೆ ಅದು ಹೆಪ್ಪುಗಟ್ಟಿ ಮಟ್ಟ ತೋರಿಸುವ ಮೊಳೆಗಳಿಗೆ ಅಂಟಿಕೊಂಡರೆ ಖಾಲಿ ಟ್ಯಾಂಕೂ ಮುಕ್ಕಾಲು ತುಂಬಿದೆ ಎಂದು ದೀಪ ಸುಳ್ಳು ಹೇಳುತ್ತಿರುತ್ತದೆ. ದೋಸೆ ಹಿಟ್ಟು ಹುಳಿಯಬೇಕಾದರೆ ಆಫ್ ಮಾಡಿದ ಮೈಕ್ರೋವೇವ್ ಒಳಗೆ ಬಿಸಿನೀರಿನ ಬಟ್ಟಲಿನ ಪಕ್ಕ ಇಟ್ಟು ಬಾಗಿಲು ಮುಚ್ಚಿ.

ಗಾಡಿ ನಿಲ್ಲಿಸುವ ದಿಕ್ಕನ್ನು ರೆಸಾರ್ಟಿನವರೇ ಗೀಟು ಎಳೆದು ಕೊಟ್ಟಿರುತ್ತಾರೆ, ಆದರೆ ಸೈಟ್ ಕಾದಿರಿಸುವಾಗ ಆರಿಸಿಕೊಳ್ಳಬಹುದು. ಅಮೆರಿಕದಲ್ಲಿ ರಸ್ತೆಯ ಬಲಗಡೆ ಓಡಿಸುವುದರಿಂದ ಗಾಡಿಯ ಬಾಗಿಲು, ಬಿಸಿಲು ಚಪ್ಪರ (ಗೋಡೆಯಿಂದ ಹೊರಚಾಚಿ ಸುತ್ತಿಡುವ ಮಾಡು) ಎರಡೂ ಬಲಕ್ಕೆ. ಮೂತಿ ಪೂರ್ವಕ್ಕಿದ್ದರೆ ಬಾಗಿಲು ದಕ್ಷಿಣಕ್ಕೆ ಬರುತ್ತದೆ. ಚಳಿಗಾಲದ ಸೂರ್ಯ ದಕ್ಷಿಣದಲ್ಲೇ ತಗ್ಗಾಗಿ ಸಾಗುವುದರಿಂದ ಅಂಗಳ ದಿನವಿಡೀ ಬೆಚ್ಚಗಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಗಾಳಿ ಜೋರು. ಮನೆಯಿಂದ ಹೊರಡುವಾಗ, ಮಲಗುವಾಗ ಚಪ್ಪರ ಸುತ್ತಿಡದಿದ್ದರೆ ಒಂದೇ ಬೀಸಿಗೆ ತೋಳು ಮುರಿದು ಚಾವಣಿಯ ಮೇಲೆ ಮಗುಚಿಕೊಂಡಿರುತ್ತದೆ.

ಮರುಭೂಮಿ ಎಂದರೆ ಸೆಖೆ ಎಂದುಕೊಂಡು ಬಂದವರು ಎತ್ತರವನ್ನು ಮರೆತಿರುತ್ತಾರೆ. ಯೂಮಾ ಸಮುದ್ರಮಟ್ಟದಿಂದ ನಲವತ್ತು ಚಿಲ್ಲರೆ ಮೀಟರ್ ಎತ್ತರದಲ್ಲಿದೆ, ಹಿಮಗಟ್ಟುವುದು ಅಪರೂಪ. ಟೂಸಾನ್ ಏಳುನೂರು ದಾಟುತ್ತದೆ, ಬೆನ್ಸನ್ ಸಾವಿರ ದಾಟುತ್ತದೆ. ಸಾವಿರ ಮೀಟರಿಗೆ ಆರು ಡಿಗ್ರಿಯಷ್ಟು ತಂಪು ಹೆಚ್ಚು ಎಂದು ಲೆಕ್ಕ ಹಿಡಿದರೆ ಯಾವ ಊರಿಗೆ ಯಾವ ಹೊದಿಕೆ ಎಂಬುದು ತಿಳಿಯುತ್ತದೆ. ಮೋಡವಿಲ್ಲದ ಒಣ ಆಕಾಶದಡಿ ನೆಲದ ಶಾಖ ರಾತ್ರಿ ಬೇಗ ಹಾರಿಹೋಗುತ್ತದೆ. ಸೊನ್ನೆಗೆ ಇಳಿಯುವ ಮುನ್ಸೂಚನೆ ಇದ್ದ ಸಂಜೆ ಹೊರಗಿನ ನೀರಿನ ಹೋಸ್ ಕಳಚಿ ಬಸಿದು, ಒಳಟ್ಯಾಂಕಿನ ನೀರನ್ನು ಪಂಪಿನಿಂದ ಬಳಸಿಕೊಳ್ಳುವುದು ಜಾಣತನ. ಮೊದಲು ಬಿರುಕು ಬಿಡುವುದು ಫಿಲ್ಟರಿನ ಪ್ಲಾಸ್ಟಿಕ್ ಡಬ್ಬಿ.

ರೆಸಾರ್ಟಿನ ಗೋಡೆಯಾಚೆಗೆ ಇನ್ನೊಂದು ಲೋಕವಿದೆ. ಐ-10 ಹೆದ್ದಾರಿ ಮತ್ತು 95ನೇ ಹೆದ್ದಾರಿ ಕೂಡುವಲ್ಲಿ ಕ್ವಾರ್ಟ್ಜ್‌ಸೈಟ್ ಎಂಬ ಪುಟ್ಟ ಊರು. ಅದರ ಸುತ್ತಲಿನ ಸರಕಾರಿ ಭೂಮಿಯಲ್ಲಿ ಫೆಡರಲ್ ಭೂ ಇಲಾಖೆಯಾದ ಬಿಎಲ್‌ಎಂ, 1983ರಿಂದ ದೀರ್ಘಾವಧಿ ತಂಗುದಾಣಗಳನ್ನು ನಡೆಸುತ್ತಿದೆ. ಬೇರೆಡೆ ಇಲಾಖೆಯ ಬಯಲಿನಲ್ಲಿ ಸಾಮಾನ್ಯ ಮಿತಿ 14 ದಿನ. ಇಲ್ಲಿ ಒಂದೇ ಪರವಾನಗಿಯಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದು. ಗಾಡಿಯ ಪಕ್ಕ ಕಂಬವಿಲ್ಲ, ನಲ್ಲಿಯಿಲ್ಲ. ಒಂಟೆಗಳೂ ಈ ದಾರಿ ತುಳಿದಿವೆ: 1850ರ ದಶಕದಲ್ಲಿ ಅಮೆರಿಕದ ಸೇನೆ ಮರುಭೂಮಿಗೆ ಒಂಟೆ ತರಿಸಿ ನೋಡಿದಾಗ ಜೊತೆಗೆ ಬಂದ ಹಾಜಿ ಅಲಿ, ಸ್ಥಳೀಯರ ಬಾಯಲ್ಲಿ ಹೈ ಜಾಲಿಯಾಗಿ, 1902ರಲ್ಲಿ ಇಲ್ಲೇ ತೀರಿಕೊಂಡ. ಅವನ ಸಮಾಧಿಯ ಮೇಲೆ ಪಿರಮಿಡ್ಡಿನಾಕಾರದ ಕಲ್ಲಿನ ಗುರುತು, ತುದಿಯಲ್ಲಿ ಲೋಹದ ಒಂಟೆ.

ಈ ಬಯಲಿನಲ್ಲಿ ಲೆಕ್ಕ ಇನ್ನೂ ಬಿಗಿ. 20 ಪೌಂಡಿನ ಪ್ರೊಪೇನ್ ಸಿಲಿಂಡರಿನಲ್ಲಿ ಸುಮಾರು 4,30,000 ಬಿಟಿಯು ಶಾಖ. ಗಂಟೆಗೆ 30,000 ಬಿಟಿಯು ಬಳಸುವ ಫರ್ನೆಸ್ (ಗಾಡಿಯ ಗ್ಯಾಸ್ ಹೀಟರ್) ಬಿಡುವಿಲ್ಲದೆ ಉರಿದರೆ ಹದಿನಾಲ್ಕು ಗಂಟೆ. ರಾತ್ರಿಗೆ ಐದು ಗಂಟೆಯಷ್ಟು ಉರಿಯುತ್ತದೆಂದರೆ ಮೂರು ರಾತ್ರಿಗೂ ಸಾಲದು. ಅದಕ್ಕಿಂತ ಮೊದಲು ಬ್ಯಾಟರಿ ಕೈಕೊಡುತ್ತದೆ, ಏಕೆಂದರೆ ಫರ್ನೆಸ್‌ನ ಫ್ಯಾನ್ ಏಳೆಂಟು ಆಂಪಿಯರ್ ಎಳೆಯುತ್ತದೆ. ಐದು ಗಂಟೆಗೆ ನಲವತ್ತು ಆಂಪಿಯರ್-ಅವರ್. ನೂರು ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಅಂದರೆ ಫ್ಯಾನ್ ಒಂದೇ ರಾತ್ರಿಯ ಪಾಲನ್ನೆಲ್ಲ ತಿಂದಿತು. ಸೋಲಾರ್ ಇದೆಯಲ್ಲ ಎಂದರೆ, ಡಿಸೆಂಬರ್ 21ರ ನಡುಹಗಲಲ್ಲೂ ಅಲ್ಲಿ ಸೂರ್ಯ ಏರುವುದು 33 ಡಿಗ್ರಿಯಷ್ಟೇ. ಚಾವಣಿಯ ಮೇಲೆ ಅಂಗಾತ ಮಲಗಿದ ಫಲಕಕ್ಕೆ ನೇರ ಬಿಸಿಲಿನ ಅರ್ಧದಷ್ಟು ಸಿಗುತ್ತದೆ. ದಕ್ಷಿಣಕ್ಕೆ 55 ಡಿಗ್ರಿಯಷ್ಟು ಎತ್ತಿ ನಿಲ್ಲಿಸಿದರೆ ಪೂರ್ತಿ. ನೀರಿನಲ್ಲಿ ಇಬ್ಬರು ದಿನಕ್ಕೆ ಆರು ಗ್ಯಾಲನ್‌ನಲ್ಲಿ ಸುಧಾರಿಸಿದರೆ 40 ಗ್ಯಾಲನ್ ಗ್ರೇ ಟ್ಯಾಂಕ್ ಒಂದು ವಾರಕ್ಕೆ ತುಂಬುತ್ತದೆ. ಬ್ಲ್ಯಾಕ್ ಅದಕ್ಕಿಂತ ಮೊದಲು ತುಂಬಿತೆಂದರೆ ಚೊಂಬು ದೊಡ್ಡದಿದೆ ಎಂದರ್ಥ.

ಪ್ಯಾಕ್‌ರ‍್ಯಾಟ್ ಎಂಬ ಕಾಡಿಲಿ ಇಲ್ಲಿನ ಖಾಯಂ ನಿವಾಸಿ. ಕಾರಿನ ಎಂಜಿನ್ ಮೇಲೆ ಚೋಯಾ ಕಳ್ಳಿಯ ಮುಳ್ಳುಂಡೆ ತಂದು ಗೂಡು ಕಟ್ಟಿ, ತಂತಿಗಳ ಹೊದಿಕೆ ಕಡಿಯುತ್ತದೆ. ಕತ್ತಲು, ಮರೆ ಎರಡೂ ಸಿಗದಂತೆ ರಾತ್ರಿ ಬಾನೆಟ್ ಎತ್ತಿಟ್ಟು ಕೆಳಗೆ ಸಣ್ಣ ದೀಪ ಉರಿಸುವುದು, ಎರಡು ದಿನಕ್ಕೊಮ್ಮೆ ಕಾರು ಓಡಿಸುವುದು ಜನ ಕಂಡುಕೊಂಡ ದಾರಿ. ಚೋಯಾದ ಉಂಡೆ ಕಾಲಿಗೆ ಅಂಟಿದರೆ ಕೈಯಲ್ಲಿ ಹಿಡಿಯಬಾರದು. ಬಾಚಣಿಗೆ ತೂರಿಸಿ ಚಿಮ್ಮಬೇಕು.

ಇಲಿಗಿಂತ ಧೂಳು ಗಂಭೀರ. ಅಲ್ಲಿನ ಮಣ್ಣಿನ ಒಂದು ಶಿಲೀಂಧ್ರದ ಬೀಜಕಣ ಉಸಿರಿಗೆ ಸೇರಿ ಬರುವ ವ್ಯಾಲಿ ಫೀವರ್, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಬಹಳ ಜನರಲ್ಲಿ ತಾನಾಗಿ ವಾಸಿಯಾಗುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಮಾತ್ರ ಜೋರಾಗಬಹುದು. ನಮ್ಮವರಲ್ಲಿ ಸಕ್ಕರೆ ಎಷ್ಟು ಮನೆಮಾತು ಎಂಬುದನ್ನು ಹೇಳಬೇಕೆ? ಧೂಳು ಹೊಕ್ಕ ಒಂದರಿಂದ ಮೂರು ವಾರಕ್ಕೆ ಕೆಮ್ಮು, ಜ್ವರ, ವಿಪರೀತ ಸುಸ್ತು. ಅಷ್ಟರಲ್ಲಿ ಜೋಡಿ ಉತ್ತರಕ್ಕೆ ಮರಳಿರುತ್ತದೆ, ಅಲ್ಲಿನ ವೈದ್ಯರು ನ್ಯುಮೋನಿಯಾ ಎಂದುಕೊಂಡು ಆಂಟಿಬಯಾಟಿಕ್ ಕೊಡುತ್ತಾರೆ, ಅದು ಶಿಲೀಂಧ್ರಕ್ಕೆ ನಾಟುವುದಿಲ್ಲ. "ಚಳಿಗಾಲ ಅರಿಜೋನದಲ್ಲಿದ್ದೆವು" ಎಂಬ ಒಂದು ಮಾತನ್ನು ರೋಗಿಯೇ ಮೊದಲು ಹೇಳಬೇಕು. ಆಗ ರಕ್ತಪರೀಕ್ಷೆ ಸರಿಯಾದದ್ದಾಗುತ್ತದೆ.

ಕಾಗದಪತ್ರ ಚುಟುಕಾಗಿ. ಕೆನಡಾದಿಂದ ಬರುವವರನ್ನು ತೆರಿಗೆಗೆ ನಿವಾಸಿ ಎಂದು ಎಣಿಸಬೇಕೇ ಎಂಬುದಕ್ಕೆ ಅಮೆರಿಕದ ತೆರಿಗೆ ಇಲಾಖೆಯ ಸೂತ್ರ ಹೀಗಿದೆ: ಈ ವರ್ಷದ ದಿನಗಳು, ಹೋದ ವರ್ಷದ ಮೂರನೇ ಒಂದು, ಅದರ ಹಿಂದಿನದರ ಆರನೇ ಒಂದು ಭಾಗ, ಎಲ್ಲ ಕೂಡಿ 183 ಮುಟ್ಟಬಾರದು. ವರ್ಷಕ್ಕೆ 120 ದಿನ ಬಂದರೆ ಮೊತ್ತ 180, ಪಾರು. 122 ಆದರೆ ಸರಿಯಾಗಿ 183. ಮುಟ್ಟಿದವರು 8840 ನಮೂನೆ ತುಂಬಿ ತಮ್ಮ ನಿಜವಾದ ಮನೆ ಕೆನಡಾ ಎಂದು ತೋರಿಸುತ್ತಾರೆ. ಒಂಟಾರಿಯೊದ ಆರೋಗ್ಯ ವಿಮೆ ಉಳಿಯಬೇಕಾದರೆ ಹನ್ನೆರಡು ತಿಂಗಳಲ್ಲಿ 212 ದಿನಕ್ಕಿಂತ ಹೆಚ್ಚು ಹೊರಗಿರಬಾರದು. ಅಮೆರಿಕದವರಲ್ಲಿ ಮೂಲ ಮೆಡಿಕೇರ್ (ಹಿರಿಯರ ಸರಕಾರಿ ಆರೋಗ್ಯ ವಿಮೆ) ಇದ್ದವರಿಗೆ ದೇಶದ ಯಾವ ಮೂಲೆಯಾದರೂ ಸರಿ. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ನ ಎಚ್‌ಎಂಒ (ನಿಗದಿತ ವೈದ್ಯರ ಜಾಲದ) ಯೋಜನೆಗಳು ತಮ್ಮ ಪ್ರದೇಶದ ಹೊರಗೆ ಸಾಮಾನ್ಯವಾಗಿ ತುರ್ತು ಚಿಕಿತ್ಸೆಗಷ್ಟೇ ಕೈಹಿಡಿಯುತ್ತವೆ. ಯೂಮಾದಿಂದ ಹಲ್ಲು, ಕನ್ನಡಕಕ್ಕೆಂದು ಮೆಕ್ಸಿಕೋದ ಲಾಸ್ ಆಲ್ಗೊಡೋನೆಸ್‌ಗೆ ನಡೆದೇ ಗಡಿ ದಾಟುವವರು ಅಸಂಖ್ಯ. ಗ್ರೀನ್ ಕಾರ್ಡಿನವರು ಮೂಲ ಕಾರ್ಡನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಬೇಕು, ಫೋನಿನಲ್ಲಿರುವ ಫೋಟೋ ಮರಳುವಾಗ ಕೆಲಸಕ್ಕೆ ಬಾರದು.

ಇನ್ನು ಆ ನಾಲ್ಕನೆಯ ಪ್ರಶ್ನೆ. ಬಹುತೇಕ ಜೋಡಿಗಳಲ್ಲಿ ಗಾಡಿ ಓಡಿಸುವುದು, ಕೊಕ್ಕೆ ಬಿಡಿಸುವುದು, ವಾಲ್ವ್ ಎಳೆಯುವುದು ಗಂಡ. ಔಷಧಿ, ಬಿಲ್ಲು, ವಿಮೆಯ ಪಾಸ್‌ವರ್ಡ್ ಹೆಂಡತಿ. ನಲವತ್ತು ವರ್ಷದ ಸಂಸಾರದಲ್ಲಿ ಈ ಹಂಚಿಕೆ ತಾನಾಗಿ ಕೂತುಬಿಟ್ಟಿರುತ್ತದೆ. ಮನೆಯಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಫೆಬ್ರವರಿಯ ಒಂದು ರಾತ್ರಿ ಒಬ್ಬರನ್ನು ಆಂಬುಲೆನ್ಸ್ ಕರೆದೊಯ್ದರೆ ಉಳಿದವರಿಗೆ ಹನ್ನೆರಡು ಮೀಟರ್ ಉದ್ದದ ಗಾಡಿ ಮತ್ತು ಅರ್ಥವಾಗದ ಸ್ವಿಚ್ಚುಗಳು. ಹಾಗಾಗಿ ಕೆಲಸವನ್ನು ವಾರಕ್ಕೊಮ್ಮೆ ಅದಲುಬದಲು ಮಾಡುವ ಜೋಡಿಗಳನ್ನು ನಾನು ಮೆಚ್ಚುತ್ತೇನೆ. ಟ್ಯಾಂಕ್ ಖಾಲಿ ಮಾಡುವುದು, ಪ್ರೊಪೇನ್ ಬದಲಿಸುವುದು, ಖಾಲಿ ಮೈದಾನದಲ್ಲಿ ಗಾಡಿಯನ್ನು ಹಿಂದಕ್ಕೆ ತರುವುದು, ಎಲ್ಲವನ್ನೂ ಇನ್ನೊಬ್ಬರು ಬಾಯಿಮುಚ್ಚಿಕೊಂಡು ನಿಂತು ನೋಡುವಾಗ ಮಾಡಬೇಕು. ಬಾಯಿಮುಚ್ಚಿಕೊಳ್ಳುವ ಭಾಗವೇ ಕಷ್ಟ. ಕಪಾಟಿನ ಒಳಬಾಗಿಲಿಗೆ ಒಂದು ಹಾಳೆ ಅಂಟಿಸಿ: ಗ್ಯಾಸ್ ಎಲ್ಲಿ ನಿಲ್ಲಿಸುವುದು, ಬ್ಯಾಟರಿ ಕಡಿಯುವ ಸ್ವಿಚ್ ಎಲ್ಲಿ, ಸೈಟ್ ನಂಬರ್, ಮಾತ್ರೆಗಳ ಪಟ್ಟಿ, ಮಕ್ಕಳ ಫೋನ್. ಸೈಟ್ ನಂಬರ್ ಇಲ್ಲದೆ ನೂರಾರು ಒಂದೇ ಥರದ ಬಿಳಿ ಗಾಡಿಗಳ ನಡುವೆ ಆಂಬುಲೆನ್ಸ್‌ನವರು ಹುಡುಕಬೇಕಾಗುತ್ತದೆ.

ಮಾರ್ಚ್ ಹೊತ್ತಿಗೆ ಬಿಲದಿಂದ ರ‍್ಯಾಟಲ್‌ಸ್ನೇಕ್ ಹೊರಬರತೊಡಗುತ್ತದೆ, ಜೋಡಿಗಳೂ ಗಂಟುಮೂಟೆ ಕಟ್ಟತೊಡಗುತ್ತವೆ. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದ್ದು. ಬಿಸಿಲಿಗೆ ನಿಂತ ಗಾಡಿಯ ಟೈರು ಸವೆದು ಹೋಗುವುದಿಲ್ಲ, ಹಳತಾಗಿ ಸಿಡಿಯುತ್ತದೆ. ಗಾಳಿ ನೋಡುವುದು ಬೆಳಗಿನ ತಂಪಿನಲ್ಲಿ, ಓಡಿಸುವ ಮೊದಲು. ಉತ್ತರದ ರಾಜ್ಯಗಳಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುವುದರಿಂದ ನೀರು ಕಾಯಿಸುವ ಟ್ಯಾಂಕನ್ನು ಬೈಪಾಸ್ ಮಾಡಿ, ಕೊಳವೆಗಳಲ್ಲಿ ಎರಡು ಮೂರು ಗ್ಯಾಲನ್ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ ತುಂಬಿಕೊಳ್ಳಬೇಕು. ಬೈಪಾಸ್ ಮರೆತರೆ ಆರು ಗ್ಯಾಲನ್ ಟ್ಯಾಂಕೇ ಅದನ್ನೆಲ್ಲ ಕುಡಿದುಬಿಡುತ್ತದೆ. ಕಾರಿನ ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್ ವಿಷ, ಅದು ಇಲ್ಲಿಗಲ್ಲ.

ಹೊರಡುವ ಬೆಳಗ್ಗೆ ಗಾಡಿಯ ಸುತ್ತ ಒಬ್ಬರು ಎಡದಿಂದ, ಇನ್ನೊಬ್ಬರು ಬಲದಿಂದ ಒಂದೊಂದು ಸುತ್ತು ಹಾಕಿ ಬಂದು ಮಾತಾಡಿಕೊಳ್ಳುತ್ತಾರೆ. ಚಾವಣಿಯ ಆಂಟೆನಾ ಇಳಿದಿದೆಯೇ, ಮೆಟ್ಟಿಲು ಮಡಚಿದೆಯೇ, ಕಂಬದ ಬ್ರೇಕರ್ ಆಫ್ ಮಾಡಿ ಕೇಬಲ್ ತೆಗೆದಾಯಿತೇ, ಚಕ್ರದಡಿಯ ದಿಮ್ಮಿ ಎಳೆದಾಯಿತೇ? ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗುತ್ತದೆ, ಹೆಚ್ಚಾಗಿ ನಲ್ಲಿಯ ಬಾಯಲ್ಲೇ ಉಳಿದುಬಿಟ್ಟ ಆ ಪ್ರೆಶರ್ ರೆಗ್ಯುಲೇಟರ್.